ಅಲೆಕ್ಸಾಂಡರನ ದೋಣಿಯಲ್ಲಿ ವೂರ್‌ಬರ್ಗ್‌ವರೆಗೆ

ಆಗಸ್ಟಿನ ಒಂದು ಶನಿವಾರ ಬೆಳಿಗ್ಗೆ ನಾನು ಬಿಳಿ ಗಡ್ಡ ಅಂಟಿಸಿಕೊಂಡು, ಹಳೇ ಬೆಡ್‌ಶೀಟ್ ಸುತ್ತಿಕೊಂಡು, ಡಚ್ಚರ ನಾಡಿನ ವೂರ್‌ಬರ್ಗ್‌ನ ನಮ್ಮ ಮನೆಯಿಂದ ಹೊರಟೆ. ಐವತ್ತು ದಾಟಿದ ಮೈಸೂರಿನ ಹೆಂಗಸು ಈ ಅವತಾರದಲ್ಲಿ ಟ್ರಾಮ್ ಹತ್ತಿದರೆ ಜನ ಏನಂದಾರು ಅಂತ ಸ್ವಲ್ಪ ಅಳುಕಿತ್ತು. ಯಾರೂ ಏನೂ ಅನ್ನಲಿಲ್ಲ. ಎದುರು ಸೀಟಿನ ಅಜ್ಜಿಯೊಬ್ಬರು ಮಾತ್ರ ಕಿಟಕಿಯಾಚೆ ಮೋಡ ನೋಡಿ, "ಮಳೆ ಬರುತ್ತೆ, ಗಡ್ಡ ಕಿತ್ತು ಬಂದೀತು, ಹುಷಾರು," ಅಂದರು. ಟ್ರಾಮ್ ಇಳಿದು ಬಸ್ಸು ಹಿಡಿದೆ. ಮುಂದಿನ ಪ್ರಯಾಣಕ್ಕೆ ಟಿಕೆಟ್ಟೇ ಬೇಕಿರಲಿಲ್ಲ, ಹಾಕಿಕೊಂಡ ವೇಷವೇ ಟಿಕೆಟ್ಟು.

ಹೋಗಬೇಕಿದ್ದದ್ದು ವೆಸ್ಟ್‌ಲ್ಯಾಂಡಿಗೆ. ಹೇಗ್ ನಗರದ ದಕ್ಷಿಣಕ್ಕೆ ಕಣ್ಣು ಹಾಯುವಷ್ಟು ದೂರ ಗಾಜಿನ ಮನೆಗಳಿರುವ ಸೀಮೆ ಅದು. ಟೊಮ್ಯಾಟೊ, ಸೌತೆ, ದಪ್ಪ ಮೆಣಸಿನಕಾಯಿ ಎಲ್ಲ ಗಾಜಿನೊಳಗೇ ಬೆಳೆಯುತ್ತವೆ. ವರ್ಷಕ್ಕೊಂದು ಸಲ ಅಲ್ಲಿನ ಬೆಳೆಗಾರರು ತಮ್ಮ ದೋಣಿಗಳನ್ನು ಹೂವು ತರಕಾರಿಗಳಿಂದ ಸಿಂಗರಿಸಿ, ಮೇಲೆ ವೇಷಧಾರಿಗಳನ್ನು ಕೂರಿಸಿ, ಕಾಲುವೆಗಳಲ್ಲಿ ಮೆರವಣಿಗೆ ಹೊರಡುತ್ತಾರೆ. ಡೆಲ್ಫ್ಟ್, ರೈಸ್‌ವೈಕ್ ದಾಟಿ ಸಂಜೆಗೆ ವೂರ್‌ಬರ್ಗ್ ಮುಟ್ಟುವುದು. ಆ ವರ್ಷ ಎಲ್ಲ ದೋಣಿಗಳಿಗೂ ಕೊಟ್ಟ ವಿಷಯ ಪ್ರಾಚೀನ ಗ್ರೀಕರು. ಪೀಟ್ ಅಂತ ಒಬ್ಬ ಸೌತೆಕಾಯಿ ಬೆಳೆಗಾರರಿದ್ದಾರೆ. ಅವರ ಗಾಜಿನ ಮನೆಯ ಶಾಖ ನೋಡಿಕೊಳ್ಳುವ ಕಂಪ್ಯೂಟರು ನನ್ನ ಗಂಡ ಮೋಹನನ ಕೈಯಲ್ಲಿದೆ. ಆ ಪರಿಚಯದಿಂದ, "ನಿಮ್ಮ ಕನ್ನಡದವರೇ ಈ ಸಲ ನನ್ನ ದೋಣಿ ಹತ್ತಿ," ಅಂತ ಪೀಟ್ ಕರೆದುಬಿಟ್ಟರು.

ನಮ್ಮವರಿಗೆ ವೇಷ ಅಂದರೆ ಕೇಳಬೇಕೆ! ಯಾವ ಗ್ರೀಕ ಬೇಕು ಅಂತ ಕೂತು ಮಾತಾಡಿದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಬಂತು: ಅಲೆಕ್ಸಾಂಡರ್. ನಮ್ಮ ಕಡೆಗೆ ಬಂದು ಹೋದವನು ಅವನೊಬ್ಬನೇ ತಾನೇ, ಪರಿಚಯದವನ ಥರ. ಆರಡಿ ಎತ್ತರ, ಗುಡುಗಿನ ಗಂಟಲು ಇದ್ದದ್ದರಿಂದ ಚನ್ನಪಟ್ಟಣದ ಇಮ್ತಿಯಾಜ್‌ಗೆ ಪಟ್ಟ ಕಟ್ಟಿದೆವು. ಅವನು ರೈಸ್‌ವೈಕ್‌ನ ಆಫೀಸೊಂದರಲ್ಲಿ ಕೆಲಸಕ್ಕಿದ್ದಾನೆ, ನನ್ನನ್ನು ಅಕ್ಕ ಅನ್ನುತ್ತಾನೆ. ಅಲೆಕ್ಸಾಂಡರನ ಎದುರಿಗೆ ಒಬ್ಬ ಡಯೋಜೆನಿಸ್ ಬೇಕಿತ್ತು. ಪೀಪಾಯಿಯಲ್ಲಿ ವಾಸ ಮಾಡುತ್ತಿದ್ದ ಬೈರಾಗಿ ಆತ. ಜಗತ್ತು ಗೆದ್ದ ದೊರೆ ಬಂದು "ಏನು ಬೇಕು ಕೇಳು" ಅಂದರೆ, "ಸ್ವಲ್ಪ ಪಕ್ಕಕ್ಕೆ ಸರಿ, ನನ್ನ ಬಿಸಿಲಿಗೆ ಅಡ್ಡ ನಿಂತಿದೀಯ" ಅಂದನಂತೆ. ನಮ್ಮ ಕಡೆ ಹುಟ್ಟಿದ್ದರೆ ಅವಧೂತ ಅಂತ ಗದ್ದುಗೆ ಕಟ್ಟಿ ಪೂಜೆ ಮಾಡುತ್ತಿದ್ದರು. ಆ ಪಾತ್ರ ಯಾರಿಗೂ ಬೇಡವಾಗಿತ್ತು. ದಿನವಿಡೀ ಕೂತೇ ಇರಬಹುದಲ್ಲ ಅನ್ನುವ ಒಂದೇ ಆಸೆಗೆ ನಾನು ಒಪ್ಪಿಕೊಂಡೆ.

ಕಿರೀಟ ಮಾಡಿದ್ದೂ ನಾನೇ. ಮೋಹನ ಅದೂ ಇದೂ ಓದಿಕೊಂಡು ಬಂದು, "ಸುಮಿತ್ರಾ, ಅಲೆಕ್ಸಾಂಡರ್ ಕಿರೀಟ ಹಾಕ್ತಾನೇ ಇರಲಿಲ್ವಂತೆ. ತಲೆಗೆ ಒಂದು ಬಟ್ಟೆ ಪಟ್ಟಿ ಕಟ್ಟಿಕೊಳ್ತಿದ್ದನಂತೆ, ಅಷ್ಟೇ," ಅಂದ.

"ಪಟ್ಟಿ ಕಟ್ಟಿದ್ರೆ ತಲೆನೋವು ಬಂದವನ ಥರ ಕಾಣ್ತಾನೆ, ಸುಮ್ನಿರಿ," ಅಂದೆ ನಾನು. ನಾಟಕದ ರಾಜನಿಗೆ ಕಿರೀಟ ಇಲ್ಲ ಅಂದರೆ ಅವನನ್ನು ರಾಜ ಅಂತ ಯಾರು ನಂಬುತ್ತಾರೆ? ರಟ್ಟು, ಬೇಗಡೆ, ಮಣಿ, ಮೇಲೆ ನವಿಲುಗರಿಯ ತುರಾಯಿ. ಒಂದು ಮೊಳಕ್ಕಿಂತ ಎತ್ತರ ಬಂತು. ಸೇತುವೆಗಳ ಲೆಕ್ಕಕ್ಕೆ ಪೀಟ್ ಹಿಂದಿನ ವಾರವೇ ಇಮ್ತಿಯಾಜ್‌ನನ್ನು ಸಿಂಹಾಸನದಲ್ಲಿ ಕೂರಿಸಿ ಕೋಲಿನಲ್ಲಿ ಅಳೆದಿದ್ದರು. ಆಗ ಅವನ ತಲೆ ಬರೀ ತಲೆಯಾಗಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಹೊಟ್ಟೆಯಲ್ಲಿಟ್ಟುಕೊಂಡು ನಾನು ದಿನವಿಡೀ ಪಟ್ಟ ಪಾಡು ಅದರದ್ದೇ. ಇಮ್ತಿಯಾಜ್‌ಗೆ ಮದುವೆಯಾಗಿ ಒಂದೂವರೆ ವರ್ಷ. ಮದುವೆಯಾದ ಮೂರನೇ ವಾರಕ್ಕೇ ರಜೆ ಮುಗಿದು ಒಬ್ಬನೇ ವಾಪಸ್ ಬಂದಿದ್ದ. ಹೆಂಡತಿ ನಾಜಿಯಾ ಶಿರಾದವಳು. ಮೊದಲು ಅವಳ ಎಂ.ಎಸ್ಸಿ. ಪರೀಕ್ಷೆ, ಆಮೇಲೆ ಕಾಗದ ಪತ್ರ, ಎರಡು ಸಲ ಅರ್ಜಿ ವಾಪಸ್ ಬಂದು ಮತ್ತೆ ಹಾಕಿದ್ದು. ಕೊನೆಗೂ ಪರ್ಮಿಟ್ ಸಿಕ್ಕಿ ಸೋಮವಾರಕ್ಕೆ ಟಿಕೆಟ್ ಆಗಿತ್ತು. ಹುಡುಗ ಮನೆಗೆ ಸುಣ್ಣ ಬಣ್ಣ ಮಾಡಿಸಿ, ಹೊಸ ಪರದೆ ತಂದು, ಮಸಾಲೆ ಡಬ್ಬಿಗಳನ್ನು ಹತ್ತು ಸಲ ಜೋಡಿಸಿ ಕಾಯುತ್ತಿದ್ದ. ಬುಧವಾರ ಆ ಹುಡುಗಿ ನನಗೆ ಫೋನ್ ಮಾಡಿ, "ಅಕ್ಕಾ, ಟಿಕೆಟ್ ಬದಲಾಯಿಸಿದೀನಿ, ಶನಿವಾರಾನೇ ಬರ್ತೀನಿ. ಅವರು ರಾಜ ಆಗಿರೋದನ್ನ ನಾನು ಕಣ್ಣಾರೆ ನೋಡಬೇಕು. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ," ಅಂದಳು. ತನ್ನ ಮನೆಯವರಿಂದಲೂ ಆಣೆ ಹಾಕಿಸಿಕೊಂಡಿದ್ದಳಂತೆ. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವುದು ವೂರ್‌ಬರ್ಗ್‌ನಿಂದ ದೂರದ ಬೆಸ್ಟ್ ಊರಿನವರೆಗೆ ಎಲ್ಲ ಕನ್ನಡಿಗರಿಗೂ ಗೊತ್ತು. ಆದರೂ ಮಾತು ಕೊಟ್ಟೆ. ಮೋಹನ ಶನಿವಾರ ವಿಮಾನ ನಿಲ್ದಾಣಕ್ಕೆ ಹೋಗಿ, ಅವಳನ್ನು ಕರೆದುಕೊಂಡು ಮಧ್ಯಾಹ್ನ ಡೆಲ್ಫ್ಟ್‌ನ ದಡದಲ್ಲಿ ನಿಲ್ಲಿಸುವುದು ಅಂತ ಏರ್ಪಾಡಾಯಿತು.

ಪೀಟ್ ಅವರ ದಂಡೆ ಮುಟ್ಟಿದಾಗ ದೋಣಿ ತಯಾರಾಗಿತ್ತು. ಎಂಥಾ ಚಂದ ಅಂತೀರಿ! ಕೆಂಪು ಹಳದಿ ದಪ್ಪ ಮೆಣಸಿನಕಾಯಿಗಳ ಸಿಂಹಾಸನ, ಸುತ್ತ ಗುಲಾಬಿ, ನನ್ನ ಪೀಪಾಯಿಗೆ ಹಸಿರು ಸೌತೆಕಾಯಿಗಳ ಹೊದಿಕೆ. ಬೆಸ್ಟ್‌ನಿಂದ ಮೊದಲ ರೈಲಿಗೇ ಹೊರಟು ಬಂದಿದ್ದ ಇಬ್ಬರು ಡೊಳ್ಳು ಬಿಗಿಯುತ್ತಿದ್ದರು. ಇಮ್ತಿಯಾಜ್ ಕೆಂಪು ಮೇಲುವಸ್ತ್ರ ಹೊದ್ದು, ಕಿರೀಟ ಗದ್ದಕ್ಕೆ ಕಟ್ಟಿಕೊಂಡು ಸಿಂಹಾಸನ ಹತ್ತಿದ. ಪೀಟ್ ನವಿಲುಗರಿಯ ತುದಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಸೇತುವೆಗಳಿವೆ, ಮೇಡಂ," ಅಂದರು.

"ಬಗ್ಗುತ್ತಾನೆ ಬಿಡಿ," ಅಂದೆ.

"ನಾನು 'ಬುಕ್ಕನ್' ಅಂತ ಕೂಗಿದ ಕೂಡಲೇ ಬಗ್ಗಬೇಕು. ಬುಕ್ಕನ್ ಅಂದರೆ ಬಗ್ಗಿ ಅಂತ," ಅಂತ ಪೀಟ್ ಎಲ್ಲರಿಗೂ ಪಾಠ ಮಾಡಿದರು. ಇಂಜಿನ್ ಗುಡುಗುಟ್ಟಿತು, ಹೊರಟೆವು. ವೇಗ ಅಂದರೆ ದಡದಲ್ಲಿ ನಡೆಯುವವರ ಜೊತೆ ಮಾತಾಡಿಕೊಂಡು ಹೋಗುವಷ್ಟು.

ನಮ್ಮ ಮುಂದಿನ ದೋಣಿಯಲ್ಲಿ ಗ್ರೀಕ್ ಪುರಾಣದ ಜಟ್ಟಿ ಹೆರಾಕ್ಲೀಸ್ ಇದ್ದ. ಹಳದಿ ಸೇವಂತಿಗೆಯ ಸಿಂಹದ ಕತ್ತು ಹಿಚುಕುತ್ತಾ ನಡುನಡುವೆ ಸಿಗರೇಟು ಸೇದುತ್ತಿದ್ದ. ಹಿಂದಿನದು ಕ್ಲಿಯೋಪಾತ್ರಳ ಬದನೆಕಾಯಿ ದೋಣಿ. ಆಕೆ ಆಳಿದ್ದು ಈಜಿಪ್ಟಾದರೂ ವಂಶ ಗ್ರೀಕರದ್ದೇ ಅಂತ ದಡದಲ್ಲಿ ಒಬ್ಬ ಮೇಷ್ಟ್ರು ಮೈಕಿನಲ್ಲಿ ವಿವರಿಸುತ್ತಿದ್ದರು. ಟ್ರಾಯ್ ಪಟ್ಟಣದ ಮರದ ಕುದುರೆಯನ್ನು ಯಾರೋ ಈರುಳ್ಳಿ ಸೊಪ್ಪಿನಲ್ಲಿ ಕಟ್ಟಿದ್ದರು, ಅದರ ಹೊಟ್ಟೆಯಲ್ಲಿ ಸೈನಿಕರ ಬದಲು ಬಿಯರ್ ಪೆಟ್ಟಿಗೆಗಳಿದ್ದವು. ಗ್ರೀಕರ ಕುರುಡ ಮಹಾಕವಿ ಕಪ್ಪು ಕನ್ನಡಕ ಹಾಕಿಕೊಂಡು ಅಕಾರ್ಡಿಯನ್ ನುಡಿಸುತ್ತಿದ್ದ. ದಡದುದ್ದಕ್ಕೂ ಜನ ಮಡಿಸುವ ಕುರ್ಚಿ ಹಾಕಿ, ಕಾಫಿ ಫ್ಲಾಸ್ಕು ಇಟ್ಟುಕೊಂಡು, ಕೊಡೆ ಹಿಡಿದು ಕೂತಿದ್ದರು. ಯಾಕೆಂದರೆ ಟ್ರಾಮಿನ ಅಜ್ಜಿ ಹೇಳಿದ ಮಳೆ ಶುರುವಾಗಿತ್ತು.

ಜನ ಗುಂಪಾಗಿದ್ದಲ್ಲೆಲ್ಲ ನಮ್ಮ ಆಟ ನಡೆಯುತ್ತಿತ್ತು. ಡೊಳ್ಳು ನಿಲ್ಲುತ್ತಿದ್ದ ಹಾಗೇ ಇಮ್ತಿಯಾಜ್ ಎದ್ದು, ಎದೆ ಉಬ್ಬಿಸಿ, "ಎಲೈ ಬೈರಾಗಿಯೇ! ಭೂಮಂಡಲವನ್ನೇ ಗೆದ್ದು ಬಂದಿದ್ದೇನೆ. ಏನು ಬೇಕು, ಕೇಳು!" ಅಂತ ಕನ್ನಡದಲ್ಲೇ ಅಬ್ಬರಿಸುತ್ತಿದ್ದ. ನಾನು ಪೀಪಾಯಿಯಿಂದ ತಲೆ ಹೊರಗೆ ಹಾಕಿ ಡಚ್ಚಿನಲ್ಲಿ, "ಸ್ವಲ್ಪ ಸರಿ, ಬಿಸಿಲು ಬರಲಿ," ಅನ್ನುತ್ತಿದ್ದೆ. ಸುರಿಯುವ ಮಳೆಯಲ್ಲಿ ಈ ಮಾತು ಕೇಳಿ ಡಚ್ಚರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಿಸಿಲಿನ ವಿಷಯದಲ್ಲಿ ಈ ದೇಶದವರೆಲ್ಲ ಡಯೋಜೆನಿಸರೇ. ಪ್ರತಿ ಸೇತುವೆಗೂ ಪೀಟ್ "ಬುಕ್ಕನ್!" ಅಂತ ಕೂಗುತ್ತಿದ್ದರು, ಚಕ್ರವರ್ತಿ ಕಿರೀಟ ಹಿಡಿದುಕೊಂಡು ಮೊಣಕಾಲಿನ ಮಧ್ಯೆ ತಲೆ ತೂರಿಸುತ್ತಿದ್ದ, ಆಚೆ ದಡದ ಮಕ್ಕಳು ಕೇಕೆ ಹಾಕುತ್ತಿದ್ದವು. ಇಷ್ಟೊಂದು ಸಂತೋಷ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ.

ಆದರೆ ಹತ್ತು ಗಂಟೆಯ ಹೊತ್ತಿಗೆ ಅಲೆಕ್ಸಾಂಡರನ ಅಬ್ಬರ ಇಳಿಯತೊಡಗಿತು. ಎರಡು ಆಟಗಳ ನಡುವೆ ಅವನು ಮೇಲುವಸ್ತ್ರದೊಳಗಿಂದ ಫೋನ್ ತೆಗೆದು ನೋಡುವುದು, ಕಿವಿಗೆ ಹಿಡಿಯುವುದು, ಮತ್ತೆ ಒಳಗಿಡುವುದು.

"ಏನೋ ಅದು?" ಅಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ನಾಜಿಯಾ ಫೋನ್ ನಿನ್ನೆ ರಾತ್ರಿಯಿಂದ ಸ್ವಿಚ್ ಆಫ್ ಅಕ್ಕಾ. ಅವರ ಅಮ್ಮ ಎತ್ತಲ್ಲ. ತಮ್ಮ ಎತ್ತಿದ, 'ಆಮೇಲ್ ಮಾಡ್ತೀನಿ ಭಾಯ್' ಅಂದು ಇಟ್ಟುಬಿಟ್ಟ. ಏನೋ ಆಗಿದೆ."

"ಸೋಮವಾರ ಹೊರಡೋ ಹುಡುಗಿ, ಶಾಪಿಂಗ್ ಗೀಪಿಂಗ್ ಅಂತ ಓಡಾಡ್ತಿರ್ತಾಳೆ ಕಣೋ."

"ಅಲ್ಲ ಅಕ್ಕಾ. ಪೇಪರ್ಸ್‌ದು ಮತ್ತೆ ಏನಾದ್ರೂ ಎಡವಟ್ಟಾಗಿದ್ರೆ? ನಂಗೆ ಹೇಳೋಕೆ ಹೆದರ್ತಾ ಇದಾರೇನೋ."

ನಾಲಿಗೆ ತುದಿಗೆ ಬಂದದ್ದನ್ನು ಪುಳಿಯೋಗರೆ ಜೊತೆ ನುಂಗಿದೆ. ಆ ಪುಳಿಯೋಗರೆ ನಾನೇ ಕಟ್ಟಿಕೊಂಡು ಹೋಗಿದ್ದು. ಪೀಟ್ ಒಂದು ತುತ್ತು ತಿಂದು ಕಣ್ಣಲ್ಲಿ ನೀರು ತಂದುಕೊಂಡರು, ಆಮೇಲೆ ಮತ್ತೆ ಹಾಕಿಸಿಕೊಂಡರು. ಬದಲಿಗೆ ತಮ್ಮ ಚೀಸ್ ಬ್ರೆಡ್ಡು ಹಂಚಿದರು. ನನ್ನ ಪೀಪಾಯಿಯ ಸೌತೆಕಾಯಿಗಳನ್ನು ಡೊಳ್ಳಿನವರು ಒಂದೊಂದಾಗಿ ಕಿತ್ತು ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದದ್ದು ನನಗೆ ಗೊತ್ತಾಗುವಾಗ ಒಂದು ಬದಿ ಬೋಳಾಗಿತ್ತು.

ಡೆಲ್ಫ್ಟ್ ಮುಟ್ಟಿದಾಗ ಮಧ್ಯಾಹ್ನ. ಮಳೆ ನಿಂತಿತ್ತು. ಚರ್ಚಿನ ಗೋಪುರ ಕಾಣುವ ಕಡೆ ದೋಣಿಗಳೆಲ್ಲ ಊಟಕ್ಕೆ ದಡ ಹಿಡಿದವು. ನಾನು ಬೆಡ್‌ಶೀಟ್ ಎತ್ತಿಕೊಂಡು ದಡದಲ್ಲೆಲ್ಲ ಕಣ್ಣಾಡಿಸಿದೆ. ಮೋಹನ ಇಲ್ಲ. ಆಗಲೇ ಅವನ ಮೆಸೇಜು ಬಂತು: ವಿಮಾನ ತಡ, ಈಗಷ್ಟೇ ಇಳಿದಿದೆ, ಡೆಲ್ಫ್ಟ್ ಆಗಲ್ಲ, ಮುಂದೆ ಎಲ್ಲಾದರೂ ಹಿಡೀತೀವಿ. ತಲೆ ಎತ್ತಿ ನೋಡುತ್ತೇನೆ, ಇಮ್ತಿಯಾಜ್ ಕಿರೀಟದ ದಾರ ಬಿಚ್ಚುತ್ತಿದ್ದಾನೆ.

"ನಾನು ಇಲ್ಲೇ ಇಳೀತೀನಿ ಅಕ್ಕಾ. ಮನೆಗೆ ಹೋಗಿ ಇಮೇಲ್ ನೋಡ್ತೀನಿ. ಅಬ್ಬಾಗೆ ಫೋನ್ ಮಾಡಿ ಶಿರಾಕ್ಕೆ ಯಾರನ್ನಾದ್ರೂ ಕಳಿಸ್ತೀನಿ."

"ಹುಚ್ಚನೇನೋ ನೀನು! ವೇಷ ಹಾಕಿದವನು ಮಂಗಳ ಹಾಡೋವರೆಗೆ ರಂಗ ಬಿಟ್ಟು ಇಳಿಯಬಾರದು."

"ನಕ್ಕೋ ಅಕ್ಕಾ," ಅಂತ ದಖನಿಯಲ್ಲಿ ಬೇಡ ಅಂದ. "ನಗಿಸೋಕೆ ನಂಗೆ ಆಗ್ತಿಲ್ಲ. ಒಂದೂವರೆ ವರ್ಷ ಆಯ್ತು. ಈ ಸಲಾನೂ ತಪ್ಪಿದ್ರೆ ಅವಳು ನನ್ನ ಮೇಲೆ ಆಸೇನೇ ಬಿಟ್ಟುಬಿಡ್ತಾಳೆ."

ಅಯ್ಯೋ ದೇವರೇ. ಅವನು ಇಳಿದು ರೈಲು ಹತ್ತಿ ಮನೆಗೆ ಹೋದರೆ, ರಾಜನನ್ನು ನೋಡಬೇಕು ಅಂತ ಏಳು ಸಮುದ್ರ ದಾಟಿ ಬಂದವಳಿಗೆ ಖಾಲಿ ಸಿಂಹಾಸನ ಸಿಗುತ್ತದೆ. ಹೇಳಿಬಿಟ್ಟರೆ ಅವಳಿಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಈ ಹುಡುಗ ನನ್ನ ಕಣ್ಣೆದುರಿಗೇ ಬೇಯುತ್ತಿದ್ದಾನೆ. ಒಬ್ಬರ ಖುಷಿಗೆ ಇನ್ನೊಬ್ಬರನ್ನು ಅಳಿಸುವುದು ಎಂಥ ನ್ಯಾಯ ಅಂತ ನನ್ನ ಮೇಲೇ ನನಗೆ ಸಿಟ್ಟು ಬಂತು. ಗಡ್ಡ ಸರಿಮಾಡಿಕೊಂಡು ಅವನ ಎರಡೂ ಕೈ ಹಿಡಿದೆ.

"ಇಮ್ತಿಯಾಜ್, ನನ್ನ ಮೇಲೆ ನಂಬಿಕೆ ಇದೆಯಾ?"

"ಇದೆ ಅಕ್ಕಾ."

"ನಾಜಿಯಾಗೆ ಏನೂ ಆಗಿಲ್ಲ. ಪೇಪರ್ಸ್‌ಗೂ ಏನೂ ಆಗಿಲ್ಲ. ನನ್ನನ್ನ ಒಂದೂ ಪ್ರಶ್ನೆ ಕೇಳಬೇಡ. ವೂರ್‌ಬರ್ಗ್‌ವರೆಗೆ ಬಾ. ಅಲ್ಲೀತನಕ ಸಮಾಧಾನ ಆಗದಿದ್ರೆ ನಾನೇ ಶಿರಾಕ್ಕೆ ಹೋಗಿ ಕರ್ಕೊಂಡು ಬರ್ತೀನಿ."

ಅವನು ನನ್ನನ್ನು ದಿಟ್ಟಿಸಿದ. ನಂಬಿದನೋ, ದೊಡ್ಡವರ ಮಾತು ಅಂತ ಸುಮ್ಮನಾದನೋ ಗೊತ್ತಿಲ್ಲ. ದಾರ ಮತ್ತೆ ಗಂಟು ಹಾಕಿಕೊಂಡು ಸಿಂಹಾಸನ ಹತ್ತಿದ. ಕ್ಲಿಯೋಪಾತ್ರ ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದಳು.

ಡೆಲ್ಫ್ಟ್ ದಾಟಿದ ಮೇಲೆ ಕಾಲುವೆ ಅಗಲವಾಯಿತು. ಇದಕ್ಕೆ ಫ್ಲೀಟ್ ಅಂತ ಹೆಸರು. ಇಲ್ಲಿನ ಸೇತುವೆಗಳು ದೋಣಿ ಬಂದರೆ ತಾವೇ ಎದ್ದು ದಾರಿ ಬಿಡುತ್ತವೆ, ಹಾಗಾಗಿ ಬಗ್ಗುವ ಕೆಲಸ ಇರಲಿಲ್ಲ. ಬಿಸಿಲೂ ಬಂತು. ಬಿಸಿಲು ಬಂದರೆ ಈ ದೇಶ ಬೇರೆಯೇ ದೇಶ. ಕೊಡೆಗಳು ಮಡಚಿಕೊಂಡವು, ಜನ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಬಿದ್ದುಕೊಂಡರು, ಐಸ್‌ಕ್ರೀಮ್ ಗಾಡಿಯ ಮುಂದೆ ಸಾಲು ನಿಂತಿತು. ನಮ್ಮ ಆಟ ಮಾತ್ರ ಸಪ್ಪೆಯಾಗಿತ್ತು. "ಎಲೈ ಬೈರಾಗಿ, ಏನು ಬೇಕು," ಅಂತ ಚಕ್ರವರ್ತಿ ಬ್ಯಾಂಕಿನ ಗುಮಾಸ್ತನ ಹಾಗೆ ಕೇಳುತ್ತಿದ್ದ. ನಾನೇ ಇಬ್ಬರ ಪಾಲಿನದೂ ಕೂಗಾಡಿ ಗಂಟಲು ಒಡೆದುಕೊಂಡೆ.

ರೈಸ್‌ವೈಕ್ ಹತ್ತಿರ ಮೆರವಣಿಗೆ ಫ್ಲೀಟ್ ಬಿಟ್ಟು ಪಕ್ಕದ ಚಿಕ್ಕ ಕಾಲುವೆಗೆ ತಿರುಗಿತು. ಹಳೇ ಪೇಟೆಯ ಹಿಂದೆ ಸುತ್ತು ಹಾಕಿ ಮತ್ತೆ ಫ್ಲೀಟ್ ಸೇರುವುದು ಪದ್ಧತಿಯಂತೆ. ಇಲ್ಲಿ ಏಳುವ ಸೇತುವೆಗಳಿಲ್ಲ. ನಡೆದು ಹೋಗುವವರಿಗೆ ಒಂದು ಕಾಲುಸೇತುವೆ ಇತ್ತು, ಅದರ ತುಂಬಾ ಜನ, ಕಂಬಿಗೆ ಬಣ್ಣದ ಕಾಗದದ ಬಾವುಟಗಳ ಸರ ಇಳಿಬಿಟ್ಟಿದ್ದರು. ಪೀಟ್ "ಬುಕ್ಕನ್!" ಅಂತ ಕೂಗಿದರು. ನಾನು ಪೀಪಾಯಿಯೊಳಗೆ ಮುಳುಗಿದೆ. ಡೊಳ್ಳಿನವರು ಬಗ್ಗಿದರು. ಇಮ್ತಿಯಾಜ್ ಫೋನ್ ನೋಡುತ್ತಿದ್ದ.

ಮೇಲೆ ಜನ "ಹೋ" ಅಂತ ಕೂಗಿಕೊಂಡರು. ಎದ್ದು ನೋಡಿದರೆ, ನಾನು ಮಾಡಿದ ಕಿರೀಟದ ತುರಾಯಿ ಆ ಬಾವುಟಗಳ ದಾರಕ್ಕೆ ಸಿಕ್ಕಿಕೊಂಡು, ಗದ್ದದ ಗಂಟು ಬಿಗಿದು, ಅಲೆಕ್ಸಾಂಡರ್ ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಕತ್ತು ಚಾಚಿಕೊಂಡು ಎದ್ದು ನಿಂತುಬಿಟ್ಟಿದ್ದ. ಪೀಟ್ ತಕ್ಷಣ ಇಂಜಿನ್ ಹಿಂದಕ್ಕೆ ತಿರುಗಿಸಿದರು, ದೋಣಿ ಅಲ್ಲೇ ನಿಂತಿತು. ಅವನು ಎರಡೂ ಕೈಯಲ್ಲಿ ಕಿರೀಟ ಜಗ್ಗಿದಷ್ಟೂ ಬಾವುಟಗಳು ಸುತ್ತಿಕೊಂಡು ಬರುತ್ತಿದ್ದವು. ಮೇಲಿನವರು ನಗುತ್ತಲೇ ಕೈ ಚಾಚಿದರು, ಎಟುಕಲಿಲ್ಲ.

ಆಗ ಜನರನ್ನು ತಳ್ಳಿಕೊಂಡು ಒಬ್ಬಳು ಮುಂದೆ ಬಂದಳು. ಹಸಿರು ಚೂಡಿದಾರ, ಕತ್ತಿನಲ್ಲಿ ಇನ್ನೂ ವಿಮಾನದ ದಿಂಬು. ಸೇತುವೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕಂಬಿಯ ಕೆಳಗಿಂದ ಎರಡೂ ಕೈ ಇಳಿಬಿಟ್ಟಳು. ಅವಳ ಹಿಂದೆ ನಮ್ಮ ಮೋಹನ, ಏದುಸಿರು ಬಿಡುತ್ತಾ, ಕೈಯಲ್ಲೊಂದು ನೀಲಿ ಸೂಟ್‌ಕೇಸ್.

"ಜರಾ ಮುಂಡಿ ಝುಕಾವ್ ಜೀ," ಅಂದಳು. ಸ್ವಲ್ಪ ತಲೆ ಬಗ್ಗಿಸಿ ಅಂತ.

ಆ ದನಿ ಕೇಳಿ ಇಮ್ತಿಯಾಜ್ ಮೇಲೆ ನೋಡಲಿಲ್ಲ. ನೋಡಿದರೆ ಎಲ್ಲಿ ಸುಳ್ಳಾಗುತ್ತದೋ ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡು ತಲೆ ಬಗ್ಗಿಸಿದ. ಅವಳ ಬೆರಳು ಅವನ ಗದ್ದದ ಕೆಳಗೆ ಹೋಗಿ ಗಂಟು ಬಿಚ್ಚಿತು. ಕಿರೀಟ ಅವಳ ಕೈಗೆ ಬಂತು. ಆಮೇಲೆ ಕಣ್ಣು ಬಿಟ್ಟ. ದಿನವಿಡೀ ಭೂಮಂಡಲ ಗೆದ್ದೆ ಅಂತ ಅಬ್ಬರಿಸಿದವನಿಗೆ ಒಂದು ಮಾತು ಹೊರಡಬೇಕಲ್ಲ!

"ಊಟ ಆಯ್ತಾ?" ಅಂದ.

"ಎಲ್ಲಿ ಊಟ! ಅಲ್ಲಿಂದ ಓಡಿಸ್ಕೊಂಡೇ ಬಂದ್ರು ಮೋಹನಣ್ಣ," ಅಂದಳು ನಾಜಿಯಾ, ಅಳುತ್ತಾ ನಗುತ್ತಾ. ಭಾಷೆ ತಿಳಿಯದಿದ್ದರೂ ಸೇತುವೆಯ ಮೇಲಿನವರಿಗೆ ಎಲ್ಲ ತಿಳಿಯಿತು. ಚಪ್ಪಾಳೆ, ಸಿಳ್ಳೆ, ಬೈಸಿಕಲ್ ಗಂಟೆ. ಗ್ರೀಕರ ಹೆರಾಕ್ಲೀಸ್ ಮುಂದಿನ ದೋಣಿಯಿಂದ ಸಿಂಹವನ್ನು ಬಿಟ್ಟು ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ನಾನು ಅತ್ತ ಅಳುವಿಗೆ ಮಳೆಗೂ ಬಗ್ಗದಿದ್ದ ಗಡ್ಡ ಕಿತ್ತು ಬಂತು.

ಇಮ್ತಿಯಾಜ್ ದಡಕ್ಕೆ ಹಾರಲು ಹೋದ. ಪೀಟ್ ಅವನ ಮೇಲುವಸ್ತ್ರ ಹಿಡಿದು ಎಳೆದರು. ಮೆರವಣಿಗೆಯ ನಡುವೆ ಯಾರೂ ಇಳಿಯುವ ಹಾಗಿಲ್ಲ, ಹತ್ತುವ ಹಾಗೂ ಇಲ್ಲ, ಅಪಾಯ. ಪೀಟ್‌ಗೂ ಕಣ್ಣು ಒದ್ದೆಯಾಗಿತ್ತು, ಆದರೂ ನಿಯಮ ಅಂದರೆ ನಿಯಮ. "ಪರವಾಗಿಲ್ಲ, ನಾನು ನಡ್ಕೊಂಡೇ ಬರ್ತೀನಿ," ಅಂತ ನಾಜಿಯಾ ಸೇತುವೆಯಿಂದ ಇಳಿದು, ಕಿರೀಟ ಕಂಕುಳಲ್ಲಿಟ್ಟುಕೊಂಡು, ದಡದ ಕಾಲುದಾರಿ ಹಿಡಿದಳು.

ಅಲ್ಲಿಂದ ವೂರ್‌ಬರ್ಗ್‌ವರೆಗಿನ ದಾರಿ ನಾನು ಎಷ್ಟೋ ಸಲ ಸೈಕಲ್ಲಿನಲ್ಲಿ ಹೋಗಿದ್ದೇನೆ, ಅಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ. ನೀರಿನ ಪಕ್ಕಕ್ಕೇ ಕಾಲುದಾರಿ, ಸಾಲು ಮರಗಳು, ಹಳೇ ತೋಟದ ಮನೆಗಳು. ದೋಣಿಯ ಅಂಚಿನಲ್ಲಿ ಅವನು ಕಾಲು ಇಳಿಬಿಟ್ಟು ಕೂತಿದ್ದ, ದಡದ ಅಂಚಿನಲ್ಲಿ ಅವಳು ನಡೆಯುತ್ತಿದ್ದಳು. ನಡುವೆ ಒಂದು ಮಂಚದಷ್ಟು ನೀರು. ಮಾತೋ ಮಾತು. ಕನ್ನಡ, ದಖನಿ, ಇಂಗ್ಲಿಷ್ ಎಲ್ಲ ಕಲಸಿಕೊಂಡು. ಅಮ್ಮ ಕೊಟ್ಟು ಕಳಿಸಿದ ಉಪ್ಪಿನಕಾಯಿ, ವಿಮಾನದಲ್ಲಿ ಪಕ್ಕದಲ್ಲಿ ಕೂತವನ ಗೊರಕೆ, ಮನೆಯ ಪರದೆಯ ಬಣ್ಣ, ಫೋನ್ ಎತ್ತಿದ ತಮ್ಮನಿಗೆ ಕಾದಿರುವ ಒದೆ. ನಮ್ಮ ಆಟ ಅಲ್ಲಿಗೆ ನಿಂತಿತು. ಯಾರೂ ಕೇಳಲೂ ಇಲ್ಲ, ಜನಕ್ಕೆ ಇದಕ್ಕಿಂತ ಒಳ್ಳೇ ಆಟ ಸಿಕ್ಕಿತ್ತು.

ವೂರ್‌ಬರ್ಗ್‌ನ ಕಟ್ಟೆಗೆ ಬಂದಾಗ ಇಳಿಬಿಸಿಲು. ಪೀಟ್ ಇಂಜಿನ್ ಆರಿಸಿ ಹಗ್ಗ ಕಟ್ಟಿದರು. ಡೊಳ್ಳುಗಳು ಇಳಿದವು. ಮೋಹನ ಬಂದು ನನ್ನನ್ನು ಪೀಪಾಯಿಯಿಂದ ಎಳೆದು ನಿಲ್ಲಿಸಿದ, ಮಂಡಿ ಹಿಡಿದುಕೊಂಡಿತ್ತು. ಪೀಟ್ ಕೈಕುಲುಕಿ, ಉಳಿದಿದ್ದ ಸೌತೆಕಾಯಿಗಳನ್ನೆಲ್ಲ ನಮ್ಮ ಚೀಲಕ್ಕೇ ತುಂಬಿಸಿದರು. ಮನೆಗೆ ಹೋಗಿ ಎಲ್ಲರಿಗೂ ಅನ್ನ ಸಾರು ಮಾಡಬೇಕು ಅಂದುಕೊಂಡು ರಸ್ತೆ ಹತ್ತಿದವಳು, ಅವರಿಬ್ಬರು ಎಲ್ಲಿ ಅಂತ ತಿರುಗಿ ನೋಡಿದೆ.

ಖಾಲಿ ದೋಣಿಯ ಅಂಚಿನಲ್ಲಿ ಇಮ್ತಿಯಾಜ್ ಇನ್ನೂ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನಾಜಿಯಾ ದಡದಲ್ಲಿ ನಿಂತಿದ್ದಳು. ಮಾತು ನಡೆದೇ ಇತ್ತು. ದೋಣಿ ನಿಂತಿದೆ ಅನ್ನುವುದು ಇಬ್ಬರಿಗೂ ಗೊತ್ತೇ ಆಗಿರಲಿಲ್ಲ.

"ಇಳಿಯೋ ಮಾರಾಯಾ," ಅಂತ ಕೂಗಿದೆ, "ಊರು ಬಂತು!"